ಎಣ್ಣೆ, ನೀರು ಮತ್ತು ಪಿತ್ತರಸ

ಊಟವಾದ ತಟ್ಟೆಯ ಜಿಡ್ಡು ಬರಿಯ ನೀರಿಗೆ ಹೋಗದೆಂಬುದು ಎಲ್ಲರೂ ಬಲ್ಲ ವಿಷಯ. ಹಾಗಾದರೆ, ಬಹುಪಾಲು ನೀರೇ ಆಗಿರುವ ಜೀರ್ಣರಸಗಳು ಉಂಡ ಎಣ್ಣೆ ತುಪ್ಪಗಳನ್ನು ಅರಗಿಸುವುದು ಹೇಗೆ? ಇದಕ್ಕೆ ಉತ್ತರವನ್ನು ಮಕ್ಕಳೊಡನೆ ಅಡಿಗೆಮನೆಯಲ್ಲಿಯೇ ಕಂಡುಕೊಳ್ಳಬಹುದು.

ಬೇಕಾದ ವಸ್ತುಗಳು: ಮುಚ್ಚಳವಿರುವ 2 ಗಾಜಿನ ಸೀಸೆಗಳು, ನೀರು, ಕಡಲೆಕಾಯಿ ಎಣ್ಣೆ, ಪಾತ್ರೆ ತೊಳೆಯುವ ದ್ರವ ಸಾಬೂನು.

ವಿಧಾನ: ಎರಡು ಸೀಸೆಗಳಿಗೂ ಅರ್ಧದಷ್ಟು ನೀರು ತುಂಬಿ, 2 ಚಮಚ ಎಣ್ಣೆ ಹಾಕಬೇಕು. ಎರಡನೆಯದಕ್ಕೆ ಮಾತ್ರ ಕೆಲವು ಹನಿ ಸಾಬೂನು ಸೇರಿಸಬೇಕು. ಬಿಗಿಯಾಗಿ ಮುಚ್ಚಿ, ಚೆನ್ನಾಗಿ ಕುಲುಕಿ, ಅಲುಗದಂತೆ ಇಡಬೇಕು. ಮೊದಲನೆಯ ಸೀಸೆಯಲ್ಲಿ ಎಣ್ಣೆಯ ಹನಿಗಳು ಬೇಗನೆ ಒಂದುಗೂಡಿ ಮೇಲೆ ಪದರವಾಗಿ ನಿಲ್ಲುತ್ತವೆ. ಎರಡನೆಯದು ಹಾಲಿನಂತೆ ಬೆಳ್ಳಗಾಗಿ ಹೆಚ್ಚು ಹೊತ್ತು ಹಾಗೆಯೇ ಉಳಿಯುತ್ತದೆ.

ಕಾರಣ: ಎಣ್ಣೆ ಹಗುರವಾದುದರಿಂದ ನೀರಿನಲ್ಲಿ ಬೆರೆಯದೆಂದು ಹೇಳುವುದುಂಟು. ಇದು ಸರಿಯಲ್ಲ. ಆಲ್ಕೊಹಾಲು ಸಹ ನೀರಿಗಿಂತ ಹಗುರ. ಆದರೂ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ. ಎಣ್ಣೆ ಮೇಲೆ ತೇಲುವುದಕ್ಕಷ್ಟೇ ಹಗುರತನ ಕಾರಣ. ಬೆರೆಯದಿರುವುದಕ್ಕೆ ಅಣುಗಳ ಸ್ವಭಾವವೇ ಕಾರಣ. ನೀರಿನ ಅಣುವಿನ ಒಂದು ಬದಿಯಲ್ಲಿ ತುಸು ಧನ ವಿದ್ಯುದಂಶವೂ ಇನ್ನೊಂದು ಬದಿಯಲ್ಲಿ ತುಸು ಋಣ ವಿದ್ಯುದಂಶವೂ ಇರುವುದರಿಂದ ಆ ಅಣುಗಳು ಒಂದನ್ನೊಂದು ಬಲವಾಗಿ ಸೆಳೆದುಕೊಂಡಿರುತ್ತವೆ. ಎಣ್ಣೆಯ ಅಣುವಿನ ಉದ್ದನೆಯ ಸರಪಳಿಗಳಲ್ಲಿ ಇಂಥ ಸೆಳೆತವಿಲ್ಲ. ಆದುದರಿಂದ ನೀರು ಅದಕ್ಕೆ ಎಡೆಗೊಡುವುದಿಲ್ಲ. ಸಾಬೂನಿನ ಅಣುವಿಗಾದರೋ ಒಂದು ತುದಿ ನೀರಿಗೆ, ಮತ್ತೊಂದು ತುದಿ ಎಣ್ಣೆಗೆ ಒಗ್ಗುವಂಥದು. ಅದು ಎಣ್ಣೆಯ ಹನಿಗಳನ್ನು ಸುತ್ತುವರಿದು, ಅವು ಮತ್ತೆ ಕೂಡದಂತೆ ತಡೆಯುತ್ತದೆ.

ದೇಹದಲ್ಲಿ ಈ ಕೆಲಸ ಪಿತ್ತರಸದ್ದು. ಯಕೃತ್ತು ದಿನಕ್ಕೆ ಸುಮಾರು ಅರ್ಧದಿಂದ 1 ಲೀಟರಿನಷ್ಟು ಪಿತ್ತರಸವನ್ನು ತಯಾರಿಸುತ್ತದೆ. ಪಿತ್ತಕೋಶದಲ್ಲಿ ಶೇಖರವಾದ ಈ ರಸ ಊಟದ ವೇಳೆಗೆ ಸಣ್ಣ ಕರುಳಿಗೆ ಇಳಿಯುತ್ತದೆ. ಅದರಲ್ಲಿನ ಲವಣಗಳು ಜಿಡ್ಡನ್ನು ಸೂಕ್ಷ್ಮ ಹನಿಗಳಾಗಿ ಚದುರಿಸಿದ ಮೇಲೆಯೇ ಮೇದೋಜೀರಕ ಗ್ರಂಥಿಯ ಲೈಪೇಸ್ ಕಿಣ್ವ ಅದನ್ನು ಚೆನ್ನಾಗಿ ಜೀರ್ಣಿಸಬಲ್ಲುದು. ಎ, ಡಿ, ಇ, ಕೆ ಜೀವಸತ್ವಗಳು ದೇಹಗತವಾಗುವುದೂ ಈ ಮಾರ್ಗದಲ್ಲಿಯೇ. ಗಜ್ಜರಿಯ ಕೋಸಂಬರಿಗೆ ಎಣ್ಣೆಯ ಒಗ್ಗರಣೆ ಹಾಕುವ ರೂಢಿ ರುಚಿಗೆ ಮಾತ್ರವಲ್ಲ, ಆರೋಗ್ಯಕ್ಕೂ ಹಿತ.

ಪಿತ್ತನಾಳಕ್ಕೆ ಕಲ್ಲು ಅಡ್ಡವಾದರೆ ದೇಹದ ಸ್ಥಿತಿ ಮೊದಲನೆಯ ಸೀಸೆಯಂತಾಗುತ್ತದೆ. ಜಿಡ್ಡು ಅರಗದೆ ಮಲ ಜಿಡ್ಡುಜಿಡ್ಡಾಗುತ್ತದೆ. ಪಿತ್ತದ ಬಣ್ಣ ಸೇರದೆ ಬಿಳಿಚುತ್ತದೆ. ಮೂತ್ರದ ಬಣ್ಣ ಗಾಢವಾಗಿ, ಕಣ್ಣು ಹಳದಿಯಾಗುತ್ತದೆ. ಇಂಥ ಸಮಯದಲ್ಲಿ ಕಾಮಾಲೆಯ ಮದ್ದನ್ನು ಊರಿನಿಂದ ತರಿಸುತ್ತ ದಿನ ಕಳೆಯದೆ ವೈದ್ಯರನ್ನು ಕಾಣಬೇಕು. ಜೊತೆಗೆ ಚಳಿಜ್ವರ, ಹೊಟ್ಟೆಯ ಬಲಮೇಲ್ಭಾಗದಲ್ಲಿ ನೋವು ಇದ್ದರೆ ಅಂದೇ ಆಸ್ಪತ್ರೆಗೆ ಹೋಗುವುದು ಅತ್ಯವಶ್ಯ.