ಎರಡು ಡಿಸ್ಕ್ ಇದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ

ಇದ್ದಬದ್ದ ಸಿ.ಡಿ.ಗಳನ್ನೆಲ್ಲ ಫ್ಲ್ಯಾಕ್ ಫೈಲುಗಳಾಗಿಸಿ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಜೋಡಿಸಿದ ಫೈಲು ಸಂಗ್ರಹ) ಪೆಟ್ಟಿಗೆಗೆ ತುಂಬಿದಿರಾ? ಒಳ್ಳೆಯದೇ ಮಾಡಿದಿರಿ. ಆದರೆ 'ರೇಡ್ 1ರಲ್ಲಿ ಎರಡು ಡಿಸ್ಕ್ ಹಾಕಿದ್ದೇನೆ, ಇನ್ನು ಬ್ಯಾಕಪ್ ಯಾಕೆ' ಎಂದು ಕೈಕಟ್ಟಿ ಕೂರಬೇಡಿ. ರೇಡ್ 1 ಎಂದರೆ ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ; ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ, ಅಷ್ಟೇ. ಮಲ್ಲಿಕಾರ್ಜುನ ಮನ್ಸೂರರ ಫೋಲ್ಡರನ್ನು ಕೈತಪ್ಪಿ ಅಳಿಸಿದಿರೋ, ಎರಡರಲ್ಲೂ ಅದೇ ಕ್ಷಣ ಮಾಯ. ಸಿಡಿಲು, ಕಳ್ಳ, ರ‍್ಯಾನ್ಸಮ್‌ವೇರ್ ಯಾವುದಕ್ಕೂ ರೇಡ್ ಮದ್ದಲ್ಲ.

ಬೇರೊಂದು ಯು.ಎಸ್.ಬಿ. ಡಿಸ್ಕಿಗೆ ಪೂರ್ತಿ ನಕಲು ತೆಗೆಯಿರಿ. ಕೆಲಸ ಮುಗಿದ ಮೇಲೆ ಕೇಬಲ್ ಕಿತ್ತು, ಸಾಧ್ಯವಾದರೆ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಡಿ. ಆಗಾಗ ಅದರಿಂದ ನಾಲ್ಕು ಹಾಡು ಹಾಕಿ ಕೇಳಿ. ತೆರೆದು ನೋಡದ ನಕಲನ್ನು ನಂಬಬಾರದು. ಪೆಟ್ಟಿಗೆಗೊಂದು ಯು.ಪಿ.ಎಸ್. ಇರಲಿ, ಫೈಲು ಬರೆಯುತ್ತಿರುವಾಗ ಕರೆಂಟು ಹೋದರೆ ಫಜೀತಿ. ನ್ಯಾಸ್ ಪೆಟ್ಟಿಗೆಯನ್ನು ಸ್ಪೀಕರಿನ ಪಕ್ಕದಲ್ಲೇ ಇಟ್ಟುಕೊಂಡು, ತಂಬೂರಿಯ ಜೊತೆಗೆ ಫ್ಯಾನಿನ ಶ್ರುತಿಯನ್ನೂ ಕೇಳಬೇಡಿ. ಪಕ್ಕದ ಕೋಣೆಗೆ ಸಾಗಿಸಿ.

ಇನ್ನು ದುಬಾರಿ 'ಆಡಿಯೊಫೈಲ್' ಲ್ಯಾನ್ ಕೇಬಲ್ಲಿನ ಮೋಹ! 24 ಬಿಟ್, 192 ಕಿಲೋಹರ್ಟ್ಸ್ ಸ್ಟೀರಿಯೊಗೂ ಸೆಕೆಂಡಿಗೆ ಸುಮಾರು 9.2 ಮೆಗಾಬಿಟ್ ಸಾಕು. 100 ಮೆಗಾಬಿಟ್ಟಿನ ಹಳೇ ಸ್ವಿಚ್ಚೇ ಧಾರಾಳವಾಯಿತು. ಆ ಕೇಬಲ್ಲಿನ ದುಡ್ಡಿನಲ್ಲಿ ನಕಲಿಗೊಂದು ಡಿಸ್ಕ್ ಕೊಳ್ಳಿ.