ಡ್ರಮ್ಮಿನ ನೀರು ಚೆಲ್ಲಬೇಡಿ, ಒಳಗೋಡೆ ಉಜ್ಜಿ

ನಳದಲ್ಲಿ ನೀರು ಬರುವುದೇ ವಾರಕ್ಕೊಮ್ಮೆ, ಆಶಾ ಕಾರ್ಯಕರ್ತೆ ನೋಡಿದರೆ ಡ್ರಮ್ ಖಾಲಿ ಮಾಡಿ ಎನ್ನುತ್ತಾರೆ ಎಂದು ಬರೆದಿದ್ದೀರಿ. ಬಳ್ಳಾರಿ ಬಿಸಿಲಿನಲ್ಲಿ ಈ ಸಿಟ್ಟು ನ್ಯಾಯವಾದದ್ದೇ. ನೀರು ಚೆಲ್ಲಬೇಡಿ, ಹಳೆ ಪಂಚೆಯಲ್ಲಿ ಸೋಸಿ ಬೇರೆ ಕೊಡಗಳಿಗೆ ತುಂಬಿ, ಡ್ರಮ್ಮಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿ. ಡೆಂಗಿ ಸೊಳ್ಳೆಯ ಕರಿಚುಕ್ಕಿಯಂಥ ಮೊಟ್ಟೆಗಳು ನೀರಿನಂಚಿನ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಬರೀ ಖಾಲಿ ಮಾಡಿದರೆ ಸಾಲದು. ವಾರಕ್ಕೊಮ್ಮೆ ಉಜ್ಜಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟಿ.

ಸೊಳ್ಳೆ ಮರಿಯಾಗಲು ಬಿಟ್ಟರೆ ದಂಡ ಎಂಬ ಮಾತು ನಿಜ: ರಾಜ್ಯದ 2024ರ ಸೆಪ್ಟೆಂಬರ್ ನಿಯಮದಂತೆ ನಗರದ ಮನೆಗೆ 400, ಹಳ್ಳಿಯ ಮನೆಗೆ 200 ರೂಪಾಯಿ.

ಡೆಂಗಿ ಶಂಕೆಯ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಜ್ವರ ಇಳಿಯುವಾಗಲೇ ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಸಿರುಗುಪ್ಪ, ಕುರುಗೋಡಿನವರು ಬಳ್ಳಾರಿ ದೂರವೆಂದು ಕಾಯದೆ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ.