ರಜಾಚಿಟ್ಠಿ ಇದ್ದರೆ ಸಾಲದು

ವಡೋದರದ ಸಮಾ ಭಾಗದಲ್ಲಿರುವ ನಮ್ಮ ಮನೆಗೆ ಎಲ್ಲ ಕಾಗದವೂ ಇದೆ. ಎನ್.ಎ. (ಕೃಷಿಯೇತರ ಬಳಕೆ) ಆದೇಶ, ಟಿ.ಪಿ. (ನಗರ ಯೋಜನೆ) ಸ್ಕೀಮಿನ ಫೈನಲ್ ಪ್ಲಾಟ್ ಸಂಖ್ಯೆ, ಕಟ್ಟುವ ಮೊದಲು ಪಡೆದ ರಜಾಚಿಟ್ಠಿ, ಕಟ್ಟಿದ ಮೇಲೆ ಪಡೆದ ಬಿ.ಯು. (ಕಟ್ಟಡ ಬಳಕೆ) ಪರವಾನಗಿ, ಒಂದೂ ತಪ್ಪಿಲ್ಲ. ಆದರೂ 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿಯ ನೀರು ನಮ್ಮ ಪಡಸಾಲೆಯಲ್ಲಿ ಸೊಂಟಮಟ್ಟ ನಿಂತಿತು. “ಹೊಳಿ ದಂಡಿಗೆ ಯಾಕ ಮನಿ ಕಟ್ಟಿಸಿದ್ರಿ?” ಎಂದು ಧಾರವಾಡದಿಂದ ಫೋನ್ ಮಾಡಿದವರಿಗೆಲ್ಲ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹೊಳೆ ದಂಡೆಯಲ್ಲಿ ಕಟ್ಟಿಲ್ಲ. ತಡೆಗೋಡೆ ಇಲ್ಲದ ನದಿಯಾದರೆ ದಡದಿಂದ 30 ಮೀಟರ್ ಬಿಡಬೇಕು ಎನ್ನುತ್ತದೆ ಗುಜರಾತಿನ ಅಭಿವೃದ್ಧಿ ನಿಯಂತ್ರಣ ನಿಯಮ. ನಮ್ಮ ಪ್ಲಾಟು ಅದಕ್ಕಿಂತ ಎಷ್ಟೋ ದೂರ. ಆದರೆ ಪಾವಾಗಢದ ಗುಡ್ಡಗಳಿಂದ ಇಳಿದು ಬರುವ ಈ ನದಿ ಬರೀ ಹರಿಯುವ ನೀರಿನ ಪಟ್ಟಿಯಲ್ಲ. ಅದರ ಆಚೀಚೆ ಆಳವಾದ ಕೊರಕಲುಗಳಿವೆ; ಇಲ್ಲಿಯವರು ಕೋತರ್ ಎನ್ನುತ್ತಾರೆ. ಊರಿನ ಮಳೆನೀರನ್ನು ತಂದು ಹಾಕುವ ಕಾಂಸ್‌ಗಳಿವೆ: ಭೂಖಿ, ರೂಪಾರೇಲ್, ಮಸಿಯಾ. ಬೇಸಿಗೆಯಲ್ಲಿ ನೋಡಿದರೆ ಬರೀ ಜಾಲಿಪೊದೆ, ಕಸ. ಮಳೆಗಾಲದಲ್ಲಿ ನದಿ ಉಕ್ಕಿದಾಗ ನೀರಿಗೆ ನಿಲ್ಲಲು ಇರುವ ಜಾಗ ಅದೇ.

ಕೊಣ್ಣೂರಿನ ಕಡೆಯಿಂದ ಬಂದ, ಮಲಪ್ರಭೆಯ ಹಾವಳಿ ಕಂಡ ನಮ್ಮತ್ತೆ ಪ್ಲಾಟು ನೋಡಿದ ದಿನವೇ ಕೇಳಿದ್ದರು: “ಜೋರ ಮಳಿ ಬಂದ್ರ ಈ ನೀರು ಎತ್ತಾಗ ಹೋಗತೈತಿ?” ಮಾರುವವನಿಗೆ ಉತ್ತರ ಗೊತ್ತಿರಲಿಲ್ಲ. ನನ್ನ ಮೈದುನ ಮಾತ್ರ ನಕ್ಕ. ಅವನು ಸೂರತ್‌ನಲ್ಲಿರುವವನು. ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ 2006ರಲ್ಲಿ ಆ ನಗರದ ಬಹುಭಾಗ ಮುಳುಗಿದ್ದನ್ನು ಕಣ್ಣಾರೆ ಕಂಡವನು. “ಇಲ್ಲಿ ಅಂಥಾ ಡ್ಯಾಂ ಎಲ್ಲೈತಿ ವೈನಿ? ಸುಮ್ಮ ಹೆದರಬ್ಯಾಡ್ರಿ” ಎಂದ. ಸಯಾಜಿರಾವ್ ಗಾಯಕವಾಡರ ಕಾಲದ ಆಜ್ವಾ ಜಲಾಶಯ ನದಿಯ ಮೇಲ್ಭಾಗದಲ್ಲೇ ಇದೆ ಎಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಪಾಯ ಎತ್ತರಿಸುವುದು ದುಡ್ಡು ದಂಡ ಎಂದು ಕಂಟ್ರಾಕ್ಟರನಿಗೂ ಅವನೇ ಹೇಳಿಕೊಟ್ಟ. ನಾನು ಬಿಡಲಿಲ್ಲ. ಸುತ್ತಲಿನ ನೆಲದಿಂದ 45 ಸೆಂ.ಮೀ. ಎತ್ತರಿಸಿದರೆ ನಿಯಮಕ್ಕೆ ಸಾಕು, ನಾನು ಎರಡೂವರೆ ಅಡಿ ಏರಿಸಿದೆ. 2019ರ ಜುಲೈ ಕೊನೆಯಲ್ಲಿ ಒಂದೇ ದಿನಕ್ಕೆ 20 ಇಂಚಿನ ಆಸುಪಾಸು ಮಳೆ ಸುರಿದಾಗ ನೀರು ನಮ್ಮ ಮೆಟ್ಟಿಲಲ್ಲೇ ನಿಂತಿತು. ಅದು ನನ್ನ ಹಟದ ಫಲ.

ಅದಾದ ಮೇಲೆ ಸೊಸಾಯಿಟಿಯ ಹಿಂದಿನ ಕೋತರ್‌ಗೆ ಟ್ರಕ್ಕುಗಳು ಬರತೊಡಗಿದವು. ಒಡೆದ ಕಟ್ಟಡಗಳ ಇಟ್ಟಿಗೆ, ಕಾಂಕ್ರೀಟು, ಮಣ್ಣು ರಾತ್ರಿ ಹೊತ್ತು ಸುರಿದು ಹೋಗುತ್ತಿದ್ದವು. ತಗ್ಗು ಸಮವಾಯಿತು, ಆಮೇಲೆ ಗೋಡೆ ಎದ್ದಿತು. ನಾನು ಫೋಟೊ ಸಮೇತ ಪಾಲಿಕೆಗೆ ಅರ್ಜಿ ಕೊಟ್ಟೆ. ಕಚೇರಿಯಲ್ಲಿದ್ದ ಅಧಿಕಾರಿ ತಲೆ ಎತ್ತದೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿ ಹಾಗೇ ಇದೆ: “ಬೆಹನ್, ನಿಮ್ಮ ಪ್ಲಾಟಿನ ತೊಂದರೆ ಇದ್ದರೆ ಹೇಳಿ. ಪಕ್ಕದ್ದು ಖಾಸಗಿ ಜಮೀನು.” ನದಿ ಪ್ರದೇಶವನ್ನು ಕಾಪಾಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2021ರಲ್ಲೇ ಆದೇಶಿಸಿತ್ತು. ಆ ಮೇಜಿನ ತನಕ ಅದು ಬಂದಂತೆ ಕಾಣಲಿಲ್ಲ.

2024ರ ಆಗಸ್ಟ್ 26, ಗೋಕುಲಾಷ್ಟಮಿ. ಹಿಂದಿನ ದಿನ ಕರಿದ ಚಕ್ಕುಲಿ ಡಬ್ಬಿಯಲ್ಲಿತ್ತು, ಮಳೆ ಬಿಡದೆ ಹೊಡೆಯುತ್ತಿತ್ತು. ಮಳೆ ತಗ್ಗಿತು, ಇನ್ನು ಭಯವಿಲ್ಲ ಎಂದುಕೊಂಡ ಮೇಲೇ ನೀರು ಏರಿದ್ದು. ಮೇಲಿನ ಹಳ್ಳಕೊಳ್ಳಗಳದು, ಆಜ್ವಾದ್ದು, ಎಲ್ಲ ಆಗಲೇ ಬಂದು ಮುಟ್ಟುತ್ತಿತ್ತು. ಕಾಲಾ ಘೋಡಾ ಸೇತುವೆಯಲ್ಲಿ 25 ಅಡಿ ಅಪಾಯದ ಮಟ್ಟ. ನದಿ 35 ಅಡಿ ದಾಟಿತು. ನಮ್ಮಲ್ಲಿ ನೀರು ಬಾಗಿಲಿನಿಂದ ಬರಲಿಲ್ಲ. ಮೊದಲು ಬಚ್ಚಲಿನ ಜಾಲರಿಯಿಂದ ಗುಳುಗುಳು ಎಂದು ಕರ್ರಗೆ ಉಕ್ಕಿತು. ಗೋಣಿಚೀಲ ಒತ್ತಿದೆವು, ಮೇಲೆ ಕಲ್ಲು ಇಟ್ಟೆವು. ಅಷ್ಟರಲ್ಲಿ ಹಿತ್ತಲ ಬಾಗಿಲ ಸಂದಿಯಿಂದ, ಆ ತುಂಬಿದ ಕೋತರ್ ಕಡೆಯಿಂದ, ನೀರು ನುಗ್ಗಿತು. ಕರೆಂಟು ಹೋಯಿತು. ಮೊಣಕಾಲು ಮಡಚಲಾಗದ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇವರು ಒಂದು ಕಡೆ ನಾನು ಒಂದು ಕಡೆ ಹಿಡಿದು ಮಹಡಿ ಹತ್ತಿಸಿದೆವು. ಮೇಲೆ ಹೋದಾಗ ನೆನಪಾಯಿತು, ಅವರ ಬಿ.ಪಿ. ಮಾತ್ರೆ ಕೆಳಗೆ ಫ್ರಿಜ್ಜಿನ ಮೇಲೆ.

ಇವರು ಟಾರ್ಚ್ ಹಿಡಿದು ಇಳಿದರು. ನಾನು ಮೆಟ್ಟಿಲ ಮೇಲೆ ನಿಂತೆ. ಫ್ರಿಜ್ಜು ತೇಲಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತ್ತು. ಪಕ್ಕದ ಮಹಡಿಯಿಂದ ಯಾರೋ “ಮಗರ್! ಮಗರ್!” ಎಂದು ಕೂಗಿದರು. ವಿಶ್ವಾಮಿತ್ರಿಯಲ್ಲಿ ಮೊಸಳೆ ಇರುವುದು ಇಲ್ಲಿ ಎಲ್ಲರಿಗೂ ಗೊತ್ತು. ಅವರು ಕಂಡದ್ದು ಮೊಸಳೆಯೋ ಮರದ ದಿಮ್ಮಿಯೋ, ನನಗೆ ಕಂಡದ್ದು ಕಪ್ಪು ನೀರಿನ ಮೇಲೆ ಓಲಾಡುವ ಟಾರ್ಚಿನ ಬೆಳಕು ಮಾತ್ರ. ಅದೂ ಒಮ್ಮೆ ಆರಿತು. ನಾನು ಹೆಸರು ಹಿಡಿದು ಕೂಗಿದೆ; ಮದುವೆಯಾದಾಗಿನಿಂದ ಹಾಗೆ ಕೂಗಿದ್ದಿಲ್ಲ. ಉತ್ತರ ಬರುವ ತನಕ ಉಸಿರು ಬಿಡಲಿಲ್ಲ. ಒದ್ದೆಯಾದ ಮಾತ್ರೆಪಟ್ಟಿ ಹಿಡಿದು ಅವರು ಮೇಲೆ ಬಂದಾಗ ಅತ್ತೆ ಮಗನ ಕೈ ಹಿಡಿದು ಅತ್ತರು.

2024ರಲ್ಲಿ ನದಿ 2019ಕ್ಕಿಂತ ಮೇಲೇರಿತ್ತು, ಒಪ್ಪುತ್ತೇನೆ. ಆದರೆ ನಮ್ಮ ಮನೆಯೊಳಗೆ ಏರಿದ ನೀರೆಲ್ಲ ನದಿಯ ಲೆಕ್ಕದ್ದಲ್ಲ, ತುಂಬಿಸಿದ ತಗ್ಗಿನ ಪಾಲೂ ಅದರಲ್ಲಿದೆ. ಮರುವರ್ಷ ಮಳೆಗಾಲಕ್ಕೆ ಮುಂಚೆ ವಿಶ್ವಾಮಿತ್ರಿಯ ಹೂಳೆತ್ತಿ ಅಗಲ ಮಾಡಿದರು. ಸಂತೋಷ. ಪರವಾನಗಿ ಕೊಡುವವರು ಒಂದೊಂದು ಪ್ಲಾಟನ್ನು ಬೇರೆ ಬೇರೆ ನೋಡುವುದು ನಿಲ್ಲದಿದ್ದರೆ ಆ ಖರ್ಚು ವ್ಯರ್ಥ.

ಕೊಳ್ಳುವವರಿಗೆ ನಾಲ್ಕು ಮಾತು. ಉತಾರದ ಜೊತೆ ಹಳೆಯ ಗ್ರಾಮನಕ್ಷೆಯನ್ನೂ ತೆಗೆಸಿ, ಕಾಂಸ್ ಎಲ್ಲಿತ್ತೆಂದು ನೋಡಿ. 2005, 2019, 2024ರಲ್ಲಿ ನೀರು ಎಲ್ಲಿಗೆ ಬಂದಿತ್ತೆಂದು ಹಳಬರ ಮನೆಯ ಗೋಡೆಯ ಮೇಲೆ ತೋರಿಸಲು ಹೇಳಿ. ಪಾಯದ ಮಟ್ಟವನ್ನು ಅದಕ್ಕೆ ಹೊಂದಿಸಿ. ಬಚ್ಚಲಿನ ಪೈಪಿಗೆ ನೀರು ಹಿಂದಕ್ಕೆ ಬಾರದಂಥ ವಾಲ್ವ್ ಹಾಕಿಸಿ, ಮೀಟರು, ಇನ್ವರ್ಟರು ಎತ್ತರದಲ್ಲಿರಲಿ. ಪ್ರವಾಹಕ್ಕೂ ಅನ್ವಯಿಸುವ ಗೃಹವಿಮೆ ಮಾಡಿಸಿ. ಅನಧಿಕೃತ ಕಟ್ಟಡವನ್ನು ಇಂಪ್ಯಾಕ್ಟ್ ಫೀ ಕಟ್ಟಿ ಸಕ್ರಮ ಮಾಡಿಸಿದ್ದೇವೆ ಎಂದು ಮಾರುವವರಿದ್ದಾರೆ. ಆ ಶುಲ್ಕದಿಂದ ನೆಲ ಒಂದು ಅಂಗುಲವೂ ಏರುವುದಿಲ್ಲ. ಬೆಂಗಳೂರಿನಲ್ಲಿ ರಾಜಕಾಲುವೆಯ ಪಕ್ಕ ಸೈಟು ನೋಡುತ್ತಿರುವವರಿಗೂ ಇದೇ ಮಾತು.

ಪಕ್ಕದ ತಗ್ಗಿಗೆ ಮೊದಲ ಟ್ರಕ್ಕು ಮಣ್ಣು ಸುರಿದ ದಿನವೇ ಲಿಖಿತ ದೂರು ಕೊಡಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ನನ್ನ ಹಾಗೆ ಒಬ್ಬರೇ ಹೋಗಬೇಡಿ, ಇಡೀ ಸೊಸಾಯಿಟಿಯನ್ನು ಕರೆದುಕೊಂಡು ಹೋಗಿ.